ಎದೆಯೊಳಗಿನ ಕರೆಂಟ್: ಎಲ್ಲಿ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಎಲ್ಲಿ ತಡೆಯುತ್ತದೆ

ಈಗೀಗ ನಮ್ಮ ಕಡೆ ಮನೆಮನೆಯಲ್ಲೂ ಒಂದು ಇಸಿಜಿ ಚೀಟಿ ಸಿಗುತ್ತದೆ. ಮುಧೋಳ, ಜಮಖಂಡಿ, ಬಾಗಲಕೋಟೆ, ವಿಜಯಪುರ, ಎಲ್ಲಿಯೇ ಆಗಲಿ, ನಲವತ್ತು ದಾಟಿದವರು ಶುಗರ್, ಬಿಪಿ ತೋರಿಸಲು ದವಾಖಾನೆಗೆ ಹೋದರೆ "ಹಾಗೇ ಒಂದು ಇಸಿಜಿ ತೆಗೆಸಿಬಿಡಿ" ಅನ್ನುತ್ತಾರೆ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದನೆಯ ಸಾಲು ನಿಂತಿತು. ಆ ಭಯ ಕೃಷ್ಣೆ, ಘಟಪ್ರಭೆಯ ದಂಡೆಗೂ ಬಂತು.

ಚೀಟಿಯಂತೂ ಕೈಗೆ ಸಿಗುತ್ತದೆ. ಗುಲಾಬಿ ಬಣ್ಣದ ಚೌಕುಳಿ ಕಾಗದ, ಅದರ ಮೇಲೆ ಏರಿಳಿಯುವ ಕಪ್ಪು ಗೆರೆ, ಮೂಲೆಯಲ್ಲಿ 'ನಾರ್ಮಲ್ ಸೈನಸ್ ರಿದಮ್' ಎಂಬ ಇಂಗ್ಲಿಷ್ ಸಾಲು. ಡಾಕ್ಟರು ಕಣ್ಣಾಡಿಸಿ "ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಚೀಟಿ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರ್ ಸೇರುತ್ತದೆ. ಆ ಗೆರೆ ಏನನ್ನು ಬರೆದಿದೆ ಅನ್ನುವುದು ಮಾತ್ರ ಬಹಳ ಜನರಿಗೆ ಗೊತ್ತಾಗುವುದೇ ಇಲ್ಲ.

ಅದು ಹೃದಯದೊಳಗೆ ಓಡಾಡುವ ಕರೆಂಟಿನ ಚಿತ್ರ. ಹೃದಯ ಪ್ರತಿ ಸಲ ಬಡಿಯುವ ಮುಂಚೆ ಅದರೊಳಗೆ ವಿದ್ಯುತ್ತಿನ ಒಂದು ಅಲೆ ಹುಟ್ಟಿ, ಗೊತ್ತಾದ ದಾರಿಯಲ್ಲಿ ಸಾಗಿ, ಅಡಗುತ್ತದೆ. ದಿನಕ್ಕೆ ಸುಮಾರು 1 ಲಕ್ಷ ಸಲ. ಅದು ಹುಟ್ಟುವುದು ಸೋಜಿಗ, ಓಡುವುದೂ ಸೋಜಿಗ. ಆದರೆ ನಡುವೆ ಒಂದು ಕಡೆ ಅದು ಬೇಕೆಂತಲೇ ತಡಮಾಡುತ್ತದೆ. ನನ್ನ ಕಣ್ಣಿಗೆ ಹೃದಯದ ಜಾಣತನವೆಲ್ಲ ಆ ತಡದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಬುಡದಿಂದ ಶುರು ಮಾಡೋಣ.

ಇದು ಹೆಸ್ಕಾಂ ಕರೆಂಟ್ ಅಲ್ಲ

ಮನೆಯ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನುಗಳು. ದೇಹದಲ್ಲಿ ತಂತಿ ಇಲ್ಲ. ಇಲ್ಲಿ ಅತ್ತಿಂದಿತ್ತ ಸರಿಯುವುದು ಲವಣಗಳ ಕಣಗಳು. ಮುಖ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಶಿಯಂ. ನೀರಿನಲ್ಲಿ ಕರಗಿದಾಗ ಇವು ಪ್ಲಸ್ ಚಾರ್ಜ್ ಹೊತ್ತಿರುತ್ತವೆ. ಚಾರ್ಜ್ ಹೊತ್ತ ಕಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಅದೇ ಕರೆಂಟ್.

ಹೃದಯದ ಸ್ನಾಯು ಕೋಟಿಗಟ್ಟಲೆ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶದ ಸುತ್ತ ತೀರಾ ತೆಳ್ಳನೆಯ ಪೊರೆ ಇರುತ್ತದೆ. ಪೊರೆಯ ಹೊರಗೆ ಸೋಡಿಯಂ ಜಾಸ್ತಿ. ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗಿಗಿಂತ 30 ಪಟ್ಟಿಗೂ ಮೇಲೆ. ಈ ವ್ಯತ್ಯಾಸ ತಾನಾಗಿಯೇ ಉಳಿಯುವುದಿಲ್ಲ. ಪೊರೆಯಲ್ಲೇ ಕೂತಿರುವ ಪುಟ್ಟ ಪಂಪುಗಳು ಹಗಲೂ ರಾತ್ರಿ ದುಡಿದು ಅದನ್ನು ಕಾಯುತ್ತವೆ. ಒಂದು ಸುತ್ತಿಗೆ 3 ಸೋಡಿಯಂ ಕಣಗಳನ್ನು ಹೊರಗೆ ಹಾಕಿ, 2 ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಈ ಪಂಪಿನ ಬಗ್ಗೆ ಬರೆದರು. 40 ವರ್ಷ ಕಳೆದ ಮೇಲೆ, 1997ರಲ್ಲಿ, ಅದಕ್ಕೆ ನೊಬೆಲ್ ಬಂತು.

ಕೋಶ ಸುಮ್ಮನಿರುವಾಗ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪವೇ ಹೊರಗೆ ಸೋರುತ್ತದೆ. ಹೋಗುವಾಗ ತನ್ನ ಪ್ಲಸ್ ಚಾರ್ಜನ್ನೂ ಒಯ್ಯುತ್ತದೆ. ಹೀಗಾಗಿ ಒಳಗೆ ಮೈನಸ್ ಉಳಿಯುತ್ತದೆ. ಕೆಳಗಿನ ಕೋಣೆಯ ಸ್ನಾಯುಕೋಶದಲ್ಲಿ ಇದು ಸುಮಾರು ಮೈನಸ್ 90 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿ 1500 ಮಿಲಿವೋಲ್ಟ್ ಇರುತ್ತದೆ, ಅದಕ್ಕೆ ಹೋಲಿಸಿದರೆ ಇದು ತೀರಾ ಸಣ್ಣದು. ಜೀವ ನಡೆಯಲು ಇಷ್ಟು ಸಾಕು.

ಒಂದು ಕೋಶ ಹೊತ್ತಿಕೊಂಡಾಗ

ಪಕ್ಕದ ಕೋಶದಿಂದ ಸಣ್ಣ ತಳ್ಳು ಬಂದರೆ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತಟ್ಟನೆ ತೆರೆದುಕೊಳ್ಳುತ್ತವೆ. ಹೊರಗೆ ಕಿಕ್ಕಿರಿದಿದ್ದ ಸೋಡಿಯಂ ಒಳಗೆ ನುಗ್ಗುತ್ತದೆ. ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಮೈನಸ್ ಇದ್ದದ್ದು ಪ್ಲಸ್ ಆಗುತ್ತದೆ. ಆಮೇಲೆ ಆ ಬಾಗಿಲು ಮುಚ್ಚಿ ಕ್ಯಾಲ್ಶಿಯಂ ಬಾಗಿಲು ತೆರೆಯುತ್ತದೆ. ಸ್ನಾಯುವನ್ನು ಕುಗ್ಗಿಸುವುದು ಈ ಕ್ಯಾಲ್ಶಿಯಂ. ಅಂದರೆ ಕರೆಂಟನ್ನು ಬಡಿತವಾಗಿ ಬದಲಿಸುವ ಕೊಂಡಿ ಇದೇ. ಕೊನೆಗೆ ಪೊಟ್ಯಾಸಿಯಂ ಹೊರಗೆ ಹೋಗಿ ಕೋಶ ಮತ್ತೆ ಮೈನಸ್‌ಗೆ ಇಳಿಯುತ್ತದೆ.

ಇಷ್ಟೆಲ್ಲ ಮುಗಿಯಲು ಸುಮಾರು ಕಾಲು ಸೆಕೆಂಡ್ ಬೇಕು. ನರದಲ್ಲಿ ಇದೇ ಕೆಲಸ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಮುಗಿದುಹೋಗುತ್ತದೆ. ಹೃದಯದ ಕೋಶಕ್ಕೆ ಯಾಕೆ ಇಷ್ಟು ನಿಧಾನ? ಈ ಕಾಲು ಸೆಕೆಂಡಿನ ಬಹುಪಾಲು ಅದು ಹೊಸ ತಳ್ಳಿಗೆ ಓಗೊಡುವುದಿಲ್ಲ. ಹೀಗಾಗಿ ಹೃದಯ ಒಂದು ಸಲ ಕುಗ್ಗಿದ ಮೇಲೆ ಸಡಿಲಾಗಲೇಬೇಕು. ಕಾಲಿನ ಮೀನಖಂಡ ಹಿಡಿದುಕೊಂಡು ಬಿಗಿದು ನಿಲ್ಲುವುದನ್ನು ನಾವೆಲ್ಲ ಅನುಭವಿಸಿದ್ದೇವೆ, ಅಲ್ವಾ? ಹೃದಯ ಹಾಗೆ ಬಿಗಿದು ನಿಂತರೆ ರಕ್ತ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಆ ನಿಧಾನವೇ ಅದನ್ನು ಕಾಯುತ್ತದೆ.

ಮೊದಲ ಕಿಡಿ ಯಾರದು?

ಪ್ರತಿ ಕೋಶಕ್ಕೂ ಪಕ್ಕದ ಕೋಶ ತಳ್ಳು ಕೊಡುತ್ತದೆ ಅಂದೆವು. ಹಾಗಾದರೆ ಎಲ್ಲಕ್ಕಿಂತ ಮೊದಲ ಕೋಶಕ್ಕೆ ಯಾರು ಕೊಟ್ಟರು? "ಮೆದುಳು" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ರಕ್ತ ಬಂದು ಸೇರುವ ಎರಡು ಮೇಲೆ, ರಕ್ತವನ್ನು ಹೊರಗೆ ತಳ್ಳುವ ಎರಡು ಕೆಳಗೆ. ತಲೆ, ತೋಳುಗಳಿಂದ ರಕ್ತ ತರುವ ದೊಡ್ಡ ರಕ್ತನಾಳ ಬಲಗಡೆಯ ಮೇಲಿನ ಕೋಣೆಗೆ ಸೇರುವ ಮೂಲೆಯಲ್ಲಿ ಬೆರಳಿನ ಒಂದು ಗೆಣ್ಣಿಗಿಂತಲೂ ಚಿಕ್ಕದಾದ ಒಂದು ಪಟ್ಟಿ ಇದೆ. ಹೆಸರು ಎಸ್‌ಎ ನೋಡ್. ಬಡಿತದ ವೇಗ ಗೊತ್ತುಮಾಡುವ, ಹುಟ್ಟುಗುಣದ ಪೇಸ್‌ಮೇಕರ್ ಇದೇ.

ಇದನ್ನು ಮೊದಲು ಕಂಡದ್ದು ಒಬ್ಬ ವೈದ್ಯಕೀಯ ವಿದ್ಯಾರ್ಥಿ. ಇಂಗ್ಲೆಂಡಿನ ಕೆಂಟ್‌ನಲ್ಲಿ ಆರ್ಥರ್ ಕೀತ್ ಎಂಬ ಅಂಗರಚನಾ ತಜ್ಞರ ಹಳ್ಳಿಮನೆಯಲ್ಲಿ ಮಾರ್ಟಿನ್ ಫ್ಲಾಕ್ ಎಂಬ ಹುಡುಗ ಮೋಲ್ ಎಂಬ ಬಿಲದ ಪ್ರಾಣಿಯ ಹೃದಯವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದ. ಕೀತ್ ದಂಪತಿ ಸೈಕಲ್ ಸುತ್ತಾಟ ಮುಗಿಸಿ ಬರುವಷ್ಟರಲ್ಲಿ ಅವನ ಕಣ್ಣಿಗೆ ಈ ವಿಚಿತ್ರ ಪಟ್ಟಿ ಬಿದ್ದಿತ್ತು. ಇಬ್ಬರೂ ಸೇರಿ 1907ರಲ್ಲಿ ಅದನ್ನು ಪ್ರಕಟಿಸಿದರು.

ಈ ಪಟ್ಟಿಯ ಕೋಶಗಳ ಗುಣವೇ ಬೇರೆ. ಉಳಿದ ಸ್ನಾಯುಕೋಶಗಳು ಮೈನಸ್ 90ಕ್ಕೆ ಇಳಿದು ಸುಮ್ಮನೆ ಕಾಯುತ್ತವೆ. ಇವುಗಳಿಗೆ ಸುಮ್ಮನಿರುವುದು ಗೊತ್ತೇ ಇಲ್ಲ. ಒಂದು ಬಡಿತ ಮುಗಿದು ಮೈನಸ್ 60ರ ಹತ್ತಿರ ಇಳಿದ ಕೂಡಲೇ ಸೋಡಿಯಂ ನಿಧಾನಕ್ಕೆ ಒಳಗೆ ಸೋರತೊಡಗುತ್ತದೆ. ಮೈನಸ್ 60 ಮೈನಸ್ 55 ಆಗುತ್ತದೆ, 50 ಆಗುತ್ತದೆ. ಮೈನಸ್ 40ರ ಸುತ್ತಮುತ್ತ ಬಂದಾಗ ಕ್ಯಾಲ್ಶಿಯಂ ಬಾಗಿಲು ತೆರೆದು ಕಿಡಿ ಹೊತ್ತುತ್ತದೆ. ಇಳಿದ ಕೂಡಲೇ ಮತ್ತೆ ಸೋರಿಕೆ, ಮತ್ತೆ ಕಿಡಿ. ಯಾರೂ ಹೇಳಬೇಕಿಲ್ಲ. ಈ ಸೋರಿಕೆಯ ಗುಟ್ಟು 1979ರಲ್ಲಿ ಬಯಲಾಯಿತು. ಅದು ನಡೆದುಕೊಳ್ಳುವ ರೀತಿ ಅಷ್ಟು ವಿಚಿತ್ರವಾಗಿದ್ದರಿಂದ ವಿಜ್ಞಾನಿಗಳು ಅದಕ್ಕೆ 'ಫನ್ನಿ ಕರೆಂಟ್' ಅಂತಲೇ ಹೆಸರಿಟ್ಟರು. ಇಂದಿಗೂ ಪಠ್ಯಪುಸ್ತಕದಲ್ಲಿ ಅದೇ ಹೆಸರಿದೆ. ನಾಡಿ ವೇಗ ತಗ್ಗಿಸುವ ಐವಾಬ್ರಡೀನ್ ಎಂಬ ಮಾತ್ರೆ ಕೆಲಸ ಮಾಡುವುದು ಈ ಸೋರಿಕೆಯ ಮೇಲೆಯೇ.

ಹಾಗಾದರೆ ಮೆದುಳಿನ ಪಾಲೇನು?

ಎಸ್‌ಎ ನೋಡನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಕಿಡಿ ಹಾರಿಸುತ್ತದೆ. ಆದರೆ ಕೂತಿರುವಾಗ ನಮ್ಮ ನಾಡಿ 70ರ ಆಸುಪಾಸು ಇರುತ್ತದೆ. ಮೆದುಳಿನಿಂದ ಇಳಿದು ಬರುವ ವೇಗಸ್ ಎಂಬ ನರ ಅದನ್ನು ಹಿಡಿದು ನಿಧಾನ ಮಾಡುತ್ತಿರುತ್ತದೆ. ಹೆದರಿದಾಗ, ಬಸ್ಸಿನ ಹಿಂದೆ ಓಡುವಾಗ ಆ ಹಿಡಿತ ಸಡಿಲಾಗುತ್ತದೆ, ಜೊತೆಗೆ ಅಡ್ರಿನಲಿನ್ ಸೇರಿ ವೇಗ ಏರುತ್ತದೆ. ಮೆದುಳು ವೇಗ ಹೆಚ್ಚು ಕಡಿಮೆ ಮಾಡಬಲ್ಲದು. ಬಡಿತ ಶುರುವಾಗಲು ಅದರ ಅಪ್ಪಣೆ ಬೇಕಿಲ್ಲ. ಹೃದಯ ಕಸಿ ಮಾಡುವಾಗ ನರಗಳನ್ನೆಲ್ಲ ಕತ್ತರಿಸಿರುತ್ತಾರೆ. ಆದರೂ ಹೊಸ ಎದೆಯಲ್ಲಿ ಆ ಹೃದಯ ಬಡಿಯುತ್ತದೆ, ಮಾಮೂಲಿಗಿಂತ ಸ್ವಲ್ಪ ಜೋರಾಗಿ, ನಿಮಿಷಕ್ಕೆ 90ರಿಂದ 110 ಸಲ. ವೇಗಸ್‌ನ ಹಿಡಿತ ಅಲ್ಲಿ ಇರುವುದಿಲ್ಲ.

ನರ ಈ ಮಾತನ್ನು ಹೃದಯಕ್ಕೆ ಹೇಗೆ ಮುಟ್ಟಿಸುತ್ತದೆ ಅನ್ನುವುದನ್ನು ಆಟೊ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿ ಇಟ್ಟರು. ಎರಡೂ ಬಡಿಯುತ್ತಲೇ ಇದ್ದವು. ಒಂದರ ವೇಗಸ್ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ನೀರನ್ನು ಎರಡನೆಯದಕ್ಕೆ ಹಾಕಿದರು. ಅದನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು. ನರ ಬಿಡುವ ಒಂದು ರಾಸಾಯನಿಕ ನೀರಿನಲ್ಲಿ ಬೆರೆತಿತ್ತು. ಈ ಪ್ರಯೋಗದ ಉಪಾಯ ತಮಗೆ ಕನಸಿನಲ್ಲಿ ಹೊಳೆಯಿತು ಅಂತ ಲೋವಿ ಹೇಳುತ್ತಿದ್ದರು.

ವೇಗಸ್‌ನ ಹಿಡಿತವನ್ನು ನೀವು ಈಗಲೇ ನೋಡಬಹುದು. ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆ, ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ದೀರ್ಘವಾಗಿ ಉಸಿರು ಎಳೆದುಕೊಳ್ಳಿ. ನಾಡಿ ಸ್ವಲ್ಪ ಚುರುಕಾಗುತ್ತದೆ. ಉಸಿರು ಬಿಡುವಾಗ ನಿಧಾನವಾಗುತ್ತದೆ. ಮಕ್ಕಳಲ್ಲಿ, ಹರೆಯದವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇದು ಆರೋಗ್ಯದ ಲಕ್ಷಣ, ಗಾಬರಿಯಾಗಬೇಡಿ.

ರವದಿಗೆ ಬಿದ್ದ ಬೆಂಕಿ

ಕಿಡಿ ಹೊತ್ತಿತು. ಅದು ಹರಡುವುದು ಹೇಗೆ? ನಮ್ಮ ಕಡೆಯ ಕಬ್ಬಿನ ಹೊಲ ನೋಡಿದವರಿಗೆ ಇದನ್ನು ಹೇಳುವುದು ಸುಲಭ.

ಗ್ಯಾಂಗಿನವರು ಕಬ್ಬು ಕಡಿದು ಹೋದ ಮೇಲೆ ಹೊಲದ ತುಂಬ ಒಣ ರವದಿ ಬಿದ್ದಿರುತ್ತದೆ. ಅದನ್ನು ಸುಡದೆ ಹೊದಿಕೆಯಾಗಿ ಬಿಡಿ ಅಂತ ಕೃಷಿ ತಜ್ಞರು ಹೇಳುತ್ತಲೇ ಇದ್ದಾರೆ, ಅದು ಸರಿಯಾದ ಮಾತು. ಆದರೂ ಸುಡುವುದನ್ನು ಎಲ್ಲರೂ ನೋಡಿದ್ದೇವೆ. ಒಂದು ಮೂಲೆಗೆ ಕಡ್ಡಿ ಗೀರಿದರೆ ಸಾಕು. ಬೆಂಕಿಯನ್ನು ಯಾರೂ ಹೊತ್ತುಕೊಂಡು ಹೋಗಬೇಕಿಲ್ಲ. ಒಂದು ಎಲೆ ಪಕ್ಕದ ಎಲೆಗೆ ಹಚ್ಚುತ್ತದೆ, ಅದು ಅದರಾಚೆಯದಕ್ಕೆ. ಒಂದು ಗೆರೆಯಾಗಿ ಉರಿ ಮುಂದೆ ಸಾಗುತ್ತದೆ. ಹಿಂದೆ ಬರೀ ಬೂದಿ. ಉರಿ ಹಿಂದಕ್ಕೆ ತಿರುಗುವುದಿಲ್ಲ, ಅಲ್ಲಿ ಸುಡಲು ಏನೂ ಉಳಿದಿಲ್ಲ. ಬದು ಬಂದರೆ ನಿಲ್ಲುತ್ತದೆ.

ಹೃದಯದಲ್ಲಿ ನಡೆಯುವುದೂ ಹೀಗೆಯೇ. ಪಕ್ಕಪಕ್ಕದ ಕೋಶಗಳ ನಡುವೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ. ಒಂದು ಕೋಶದ ಪ್ಲಸ್ ಕಣಗಳು ಆ ತೂತುಗಳಿಂದ ಪಕ್ಕದ ಕೋಶಕ್ಕೆ ದಾಟಿ ಅದನ್ನೂ ಹೊತ್ತಿಸುತ್ತವೆ. ಎಸ್‌ಎ ನೋಡಿನ ಕಿಡಿ ಹೀಗೆ ಹರಡಿ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮೇಲಿನ ಎರಡೂ ಕೋಣೆಗಳನ್ನು ಆವರಿಸುತ್ತದೆ. ಎಡಗಡೆಗೆ ಬೇಗ ಮುಟ್ಟಲಿ ಅಂತ ಸ್ನಾಯುವಿನದೇ ಒಂದು ವಿಶೇಷ ಪಟ್ಟಿಯೂ ಇದೆ. ಎರಡೂ ಕೋಣೆ ಹೆಚ್ಚುಕಡಿಮೆ ಒಟ್ಟಿಗೆ ಕುಗ್ಗಿ ರಕ್ತವನ್ನು ಕೆಳಗೆ ದೂಡುತ್ತವೆ.

ಹೊಲಕ್ಕೂ ಹೃದಯಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೊಲದಲ್ಲಿ ಮತ್ತೆ ರವದಿ ಬೀಳಲು ವರ್ಷ ಬೇಕು. ಹೃದಯದ ಕೋಶ ಅರೆಕ್ಷಣ ಬೂದಿಯಂತೆ ಇದ್ದು, ಕಾಲು ಸೆಕೆಂಡಿನಲ್ಲಿ ಮತ್ತೆ ಹೊತ್ತಿಕೊಳ್ಳಲು ತಯಾರಾಗುತ್ತದೆ. ಓಗೊಡದ ಆ ಕಾಲದಿಂದಾಗಿಯೇ ಅಲೆ ಒಂದೇ ದಿಕ್ಕಿಗೆ ಸಾಗುತ್ತದೆ.

ಇನ್ನು ಬದು. ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ, ಕವಾಟಗಳ ಸುತ್ತ, ಕರೆಂಟ್ ಹಾಯದ ಗಟ್ಟಿ ನಾರಿನ ಉಂಗುರಗಳಿವೆ. ಮೇಲೆ ಉರಿ ಎಷ್ಟೇ ಹರಡಲಿ, ಇದನ್ನು ದಾಟಿ ಕೆಳಗೆ ಹೋಗುವಂತಿಲ್ಲ. ದಾಟಲು ಒಂದೇ ಒಂದು ಸಂದು ಇದೆ.

ತಡೆದು ನಿಲ್ಲುವ ಜಾಗ

ಆ ಸಂದಿನ ಬಾಯಲ್ಲಿ ಇರುವುದು ಎವಿ ನೋಡ್. ಜಪಾನಿನಿಂದ ಜರ್ಮನಿಯ ಮಾರ್ಬರ್ಗ್‌ಗೆ ಕಲಿಯಲು ಹೋಗಿದ್ದ ಸುನಾವೊ ತವಾರಾ 1906ರಲ್ಲಿ ಇದನ್ನು ವಿವರಿಸಿದರು.

ಮೇಲಿನ ಕೋಣೆಯ ಸ್ನಾಯುವಿನಲ್ಲಿ ಅಲೆ ಸೆಕೆಂಡಿಗೆ ಅರ್ಧದಿಂದ 1 ಮೀಟರ್ ವೇಗದಲ್ಲಿ ಬಂದಿರುತ್ತದೆ. ಎವಿ ನೋಡಿನೊಳಗೆ ಹೊಕ್ಕ ಕೂಡಲೇ ಅದು ತೆವಳತೊಡಗುತ್ತದೆ. ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ಅಷ್ಟೇ. ಇಲ್ಲಿನ ಕೋಶಗಳು ಸಣ್ಣವು. ಅವುಗಳ ನಡುವಿನ ತೂತುಗಳು ಕಡಿಮೆ. ಮೇಲಾಗಿ ಇವು ಹೊತ್ತಿಕೊಳ್ಳುವುದು ಚುರುಕಿನ ಸೋಡಿಯಂನಿಂದಲ್ಲ, ನಿಧಾನದ ಕ್ಯಾಲ್ಶಿಯಂನಿಂದ. ಹೀಗಾಗಿ ಕೆಲವೇ ಮಿಲಿಮೀಟರ್ ದಾರಿ ಸಾಗಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕಾಗುತ್ತದೆ.

ಹತ್ತನೇ ಒಂದು ಸೆಕೆಂಡ್ ಅಂದರೆ ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಆದರೆ ಈ ತಡ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಮೇಲಿನ ಕೋಣೆಗಳು ಕುಗ್ಗುವಾಗಲೇ ಕೆಳಗಿನವೂ ಕುಗ್ಗುತ್ತಿದ್ದವು. ಕೆಳಗಿನ ಕೋಣೆ ಕುಗ್ಗಿದಾಗ ನಡುವಿನ ಕವಾಟ ಮುಚ್ಚಿಕೊಳ್ಳುತ್ತದೆ. ಮೇಲಿನ ಕೋಣೆ ಮುಚ್ಚಿದ ಕವಾಟಕ್ಕೆ ರಕ್ತವನ್ನು ಗುದ್ದುತ್ತಿತ್ತು, ಕೆಳಗಿನದು ಅರೆಬರೆ ತುಂಬಿದ್ದನ್ನೇ ಹೊರಗೆ ಹಾಕುತ್ತಿತ್ತು. ಈ ಚಿಕ್ಕ ಬಿಡುವಿನಲ್ಲಿ ಕೊನೆಯ ಸುಮಾರು ಐದನೇ ಒಂದು ಪಾಲು ರಕ್ತ ಕೆಳಗೆ ಇಳಿದು ಕೋಣೆ ಪೂರ್ತಿ ತುಂಬುತ್ತದೆ. ಓಡುವಾಗ, ಹೊರೆ ಹೊರುವಾಗ ಈ ಪಾಲಿಗೆ ಇನ್ನೂ ಹೆಚ್ಚಿನ ಬೆಲೆ.

ಎವಿ ನೋಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವಯಸ್ಸಾದ ಕೆಲವರಲ್ಲಿ ಮೇಲಿನ ಕೋಣೆಗಳಲ್ಲಿ ಕರೆಂಟ್ ಗೊಂದಲವೆದ್ದು ನಿಮಿಷಕ್ಕೆ 350ರಿಂದ 600 ಅಲೆಗಳು ಏಳುತ್ತವೆ. ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಅಷ್ಟೂ ಅಲೆಗಳು ಕೆಳಗೆ ಇಳಿದರೆ ಮನುಷ್ಯ ಉಳಿಯುವುದಿಲ್ಲ. ನಿಧಾನದ ಎವಿ ನೋಡ್ ಅವುಗಳಲ್ಲಿ ಬಹುಪಾಲನ್ನು ಅಲ್ಲೇ ತಡೆದು ಕೆಲವನ್ನಷ್ಟೇ ಬಿಡುತ್ತದೆ. ನಾಡಿ ಏರುಪೇರಾಗುತ್ತದೆ, ಜೋರಾಗುತ್ತದೆ, ಆದರೂ ಜೀವ ಉಳಿಯುತ್ತದೆ.

ಕೆಲವರಲ್ಲಿ ಹುಟ್ಟಿನಿಂದಲೇ ಬದುವಿನಲ್ಲಿ ಇನ್ನೊಂದು ಸಂದು ಉಳಿದಿರುತ್ತದೆ. ಅಲ್ಲಿ ತಡೆಯುವ ನೋಡ್ ಇರುವುದಿಲ್ಲ. ಅಂಥವರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುವುದುಂಟು. 1930ರಲ್ಲಿ ಇದನ್ನು ವಿವರಿಸಿದ ಮೂವರ ಹೆಸರಿನಿಂದ ವುಲ್ಫ್–ಪಾರ್ಕಿನ್‌ಸನ್–ವೈಟ್ ಅನ್ನುತ್ತಾರೆ. ಇಂದು ತೊಡೆಯ ರಕ್ತನಾಳದಿಂದ ತಂತಿ ಒಳಗೆ ಬಿಟ್ಟು ಆ ಹೆಚ್ಚಿನ ಸಂದನ್ನು ಸುಟ್ಟು ಮುಚ್ಚುತ್ತಾರೆ.

ಆಮೇಲೆ ಒಂದೇ ಓಟ

ಎವಿ ನೋಡ್ ದಾಟಿದ ಅಲೆಗೆ ಮುಂದೆ ಹೆದ್ದಾರಿ ಸಿಗುತ್ತದೆ. ಮೊದಲು ಹಿಸ್ ಕಟ್ಟು, 1893ರಲ್ಲಿ ವಿಲ್ಹೆಲ್ಮ್ ಹಿಸ್ ವಿವರಿಸಿದ್ದು. ಅದು ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಇಳಿದು ಬಲ, ಎಡ ಅಂತ ಕವಲೊಡೆಯುತ್ತದೆ. ಕವಲುಗಳು ಒಡೆದು ಒಡೆದು ಕೋಣೆಯ ಒಳಗೋಡೆಯ ತುಂಬ ಸಣ್ಣ ನಾರುಗಳಾಗಿ ಹರಡುತ್ತವೆ. ಇವು ಪುರ್ಕಿಂಜೆ ನಾರುಗಳು. ಕುರಿಯ ಹೃದಯದಲ್ಲಿ ಇವನ್ನು ಯಾನ್ ಪುರ್ಕಿಂಜೆ 1839ರಲ್ಲೇ ಕಂಡಿದ್ದರು. ಆದರೆ ಇವು ಎವಿ ನೋಡಿನಿಂದ ಹೊರಟ ಒಂದೇ ಜಾಲದ ತುದಿಗಳು ಅನ್ನುವುದನ್ನು ತೋರಿಸಲು ತವಾರಾ ಬರಬೇಕಾಯಿತು.

ಇಲ್ಲಿ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಎವಿ ನೋಡಿನ ವೇಗದ 40 ಪಟ್ಟಿಗೂ ಹೆಚ್ಚು. ಕೆಳಗಿನ ಎರಡೂ ಕೋಣೆಗಳ ಅಷ್ಟು ದಪ್ಪ ಸ್ನಾಯು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಪೂರ್ತಿ ಹೊತ್ತಿಕೊಳ್ಳುತ್ತದೆ. ಮೊದಲು ನಡುಗೋಡೆ, ಆಮೇಲೆ ಕೆಳಗಿನ ತುದಿ, ಕೊನೆಗೆ ಮೇಲಿನ ಬುಡ. ರಕ್ತ ಹೊರಗೆ ಹೋಗುವ ದೊಡ್ಡ ನಾಳಗಳು ಇರುವುದು ಮೇಲ್ಗಡೆ. ಹಿಂಡುವುದು ಕೆಳಗಿನಿಂದ ಶುರುವಾದರೆ ರಕ್ತ ಸರಿಯಾದ ಕಡೆಗೆ ಹೋಗುತ್ತದೆ.

ಈ ವ್ಯವಸ್ಥೆಯಲ್ಲಿ ಮುಂಜಾಗ್ರತೆಯೂ ಇದೆ. ಎಸ್‌ಎ ನೋಡ್ ಕೆಟ್ಟರೆ ಎವಿ ನೋಡಿನ ಸುತ್ತಲಿನ ಕೋಶಗಳು ನಿಮಿಷಕ್ಕೆ 40ರಿಂದ 60 ಸಲ ತಾವೇ ಕಿಡಿ ಹಾರಿಸುತ್ತವೆ. ಅವೂ ಸೋತರೆ ಪುರ್ಕಿಂಜೆ ನಾರುಗಳು 20ರಿಂದ 40 ಸಲ. ಮಾಮೂಲಿ ದಿನಗಳಲ್ಲಿ ಇವುಗಳ ಸದ್ದೇ ಇರುವುದಿಲ್ಲ. ತಮ್ಮ ಸರದಿ ಬರುವ ಮುಂಚೆಯೇ ಮೇಲಿನಿಂದ ಅಲೆ ಬಂದು ಇವನ್ನು ಹೊತ್ತಿಸಿಬಿಡುತ್ತದೆ. ಯಾರು ಚುರುಕೋ ಅವರದೇ ಆಳ್ವಿಕೆ.

ಈಗ ಆ ಚೀಟಿ ಬಿಚ್ಚಿ

ಇಸಿಜಿ ತೆಗೆಯುವಾಗ "ಮೈಗೆ ಕರೆಂಟ್ ಕೊಡ್ತಾರಾ?" ಅಂತ ಹೆದರುವವರು ಇನ್ನೂ ಇದ್ದಾರೆ. ಕೊಡುವುದಿಲ್ಲ. ಎದೆಗೆ, ಕೈಕಾಲಿಗೆ ಅಂಟಿಸುವ 10 ತಂತಿಗಳು ಚರ್ಮದವರೆಗೆ ಬಂದು ಮುಟ್ಟಿದ ಹೃದಯದ ಕರೆಂಟನ್ನು ಬರೆದುಕೊಳ್ಳುತ್ತವೆ, ಅಷ್ಟೇ. ಅಲ್ಲಿ ಅದು 1 ಮಿಲಿವೋಲ್ಟ್ ಆಸುಪಾಸು ಇರುತ್ತದೆ. 10 ತಂತಿಗಳಿಂದ 12 ಕೋನಗಳ ಚಿತ್ರ ಬರುತ್ತದೆ. ಅದಕ್ಕೇ ಕಾಗದದಲ್ಲಿ ಬೇರೆ ಬೇರೆ ಆಕಾರದ ಗೆರೆಗಳು. ಹೃದಯ ಒಂದೇ, ನೋಡಿದ ಕಡೆ ಬೇರೆ.

ಈ ಯಂತ್ರವನ್ನು ಬಳಕೆಗೆ ತಂದವರು ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಐಂತೋವನ್. ಅವರ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು 5 ಜನ ಬೇಕಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕಿತ್ತು. ಅದನ್ನು ಆಸ್ಪತ್ರೆಗೆ ಸಾಗಿಸುವುದು ಆಗದ ಮಾತು. ಹೀಗಾಗಿ 1905ರಲ್ಲಿ ಆಸ್ಪತ್ರೆಯಲ್ಲಿದ್ದ ರೋಗಿಯ ಸಂಕೇತವನ್ನು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಕೂತ ತಜ್ಞರು ನೋಡುತ್ತಾರಲ್ಲ, ಅದರ ಮೊದಲ ಹೆಜ್ಜೆ ಆ ತಂತಿಯೇ.

ಕಾಗದದ ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡ್. ಗೆರೆಯನ್ನು ಎಡದಿಂದ ಓದಿ. ಮೊದಲು ಬರುವ ಸಣ್ಣ ದಿಣ್ಣೆ 'ಪಿ', ಮೇಲಿನ ಕೋಣೆಗಳು ಹೊತ್ತಿಕೊಂಡದ್ದು. ಆಮೇಲೆ ಸ್ವಲ್ಪ ಸಪಾಟಾದ ಗೆರೆ. ಅಲ್ಲಿ ಏನೂ ಆಗುತ್ತಿಲ್ಲ ಅನಿಸುತ್ತದೆ. ಆದರೆ ಅದೇ ಎವಿ ನೋಡಿನ ತಡ! ಆ ನೋಡ್ ಎಷ್ಟು ಚಿಕ್ಕದೆಂದರೆ ಅದರ ಕರೆಂಟ್ ಚರ್ಮದವರೆಗೆ ಗೊತ್ತಾಗುವುದೇ ಇಲ್ಲ. ಪಿ ಶುರುವಿನಿಂದ ಮುಂದಿನ ಏರಿಕೆಯವರೆಗೆ 3ರಿಂದ 5 ಸಣ್ಣ ಚೌಕ, ಅಂದರೆ 0.12ರಿಂದ 0.20 ಸೆಕೆಂಡ್ ಇದ್ದರೆ ಸರಿ. ಜಾಸ್ತಿಯಾದರೆ ಎವಿ ನೋಡ್ ದಣಿದಿರಬಹುದು ಅಂತ ಡಾಕ್ಟರು ಯೋಚಿಸುತ್ತಾರೆ.

ಅದರ ನಂತರದ ಚೂಪಾದ ಗೋಪುರ 'ಕ್ಯೂಆರ್‌ಎಸ್', ಕೆಳಗಿನ ಕೋಣೆಗಳು ಹೊತ್ತಿಕೊಂಡದ್ದು. ಓಟ ಚುರುಕಾದ್ದರಿಂದ ಗೋಪುರ ಸಪೂರ, 3 ಸಣ್ಣ ಚೌಕಕ್ಕಿಂತ ಕಡಿಮೆ. ಅಗಲವಾಗಿದ್ದರೆ ಬಲ ಅಥವಾ ಎಡ ಕವಲಿನಲ್ಲಿ ಅಡ್ಡಿ ಇರಬಹುದು. ಕೊನೆಗೆ ಬರುವ ದುಂಡನೆಯ ದಿಣ್ಣೆ 'ಟಿ', ಕೆಳಗಿನ ಕೋಣೆಗಳು ಮತ್ತೆ ತಯಾರಾಗುತ್ತಿರುವುದು.

ನಾಡಿ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಗೋಪುರದ ತುದಿಯಿಂದ ಮುಂದಿನದಕ್ಕೆ ಎಷ್ಟು ದೊಡ್ಡ ಚೌಕಗಳಿವೆ ಎಣಿಸಿ, 300ನ್ನು ಅದರಿಂದ ಭಾಗಿಸಿ. 4 ಚೌಕ ಇದ್ದರೆ 75. ಪ್ರತಿ ಗೋಪುರಕ್ಕೂ ಮುಂಚೆ ಸರಿಯಾದ ಆಕಾರದ ಒಂದು ಪಿ ದಿಣ್ಣೆ ಇದ್ದರೆ, ಎಲ್ಲ ಬಡಿತಗಳೂ ಎಸ್‌ಎ ನೋಡಿನಿಂದಲೇ ಹೊರಟಿವೆ ಎಂದರ್ಥ. ಮೂಲೆಯಲ್ಲಿ ಬರೆದ 'ಸೈನಸ್ ರಿದಮ್' ಹೇಳುವುದು ಇಷ್ಟನ್ನೇ.

ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಇಸಿಜಿ ತೋರಿಸುವುದು ಆ ಕೆಲವು ಸೆಕೆಂಡುಗಳ ಕರೆಂಟನ್ನು. ರಕ್ತನಾಳದೊಳಗೆ ಎಷ್ಟು ಕೊಬ್ಬು ಕಟ್ಟಿದೆ ಅನ್ನುವುದನ್ನು ಅದು ನೇರವಾಗಿ ತೋರಿಸುವುದಿಲ್ಲ. ಎದೆನೋವು, ಬೆವರು, ಎಡಗೈ ಸೆಳೆತ ಇದ್ದರೆ "ಹೋದ ತಿಂಗಳ ಇಸಿಜಿ ನಾರ್ಮಲ್ ಇತ್ತು" ಅಂತ ಮನೆಯಲ್ಲಿ ಕೂರಬೇಡಿ. ಕೂಡಲೇ ಹೋಗಿ.

ಉರಿ ಸುತ್ತಿಕೊಂಡರೆ

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಮೊದಲನೆಯದು ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಎರಡನೆಯದರಲ್ಲಿ ಬಡಿತವೇ ನಿಲ್ಲುತ್ತದೆ, ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ. ಆದರೆ ಒಂದು ಇನ್ನೊಂದಕ್ಕೆ ದಾರಿ ಮಾಡಬಹುದು. ರಕ್ತ ಸಿಗದ ಕೋಶಗಳಲ್ಲಿ ಪಂಪು ಸೋಲುತ್ತದೆ, ಸೋಡಿಯಂ ಪೊಟ್ಯಾಸಿಯಂ ಲೆಕ್ಕ ತಪ್ಪುತ್ತದೆ. ಕೆಲವು ಕೋಶ ಬೇಗ ತಯಾರಾಗುತ್ತವೆ, ಕೆಲವು ತಡವಾಗಿ. ಹೊಲದಲ್ಲಿ ಅಲ್ಲಲ್ಲಿ ಹಸಿ ರವದಿ ಇದ್ದಂತೆ. ಉರಿ ನೇರ ಸಾಗದೆ ಹಸಿ ಜಾಗದ ಸುತ್ತ ಬಳಸಿ, ಅಷ್ಟರಲ್ಲಿ ಮತ್ತೆ ಒಣಗಿದ ಜಾಗಕ್ಕೆ ಹಿಂದಿನಿಂದ ಬಂದು ಹಚ್ಚುತ್ತದೆ. ಹೀಗೆ ಹತ್ತಾರು ಉರಿಗಳು ಸುತ್ತತೊಡಗಿದರೆ ಕೆಳಗಿನ ಕೋಣೆ ನಡುಗುತ್ತದೆಯೇ ಹೊರತು ಹಿಂಡುವುದಿಲ್ಲ. ಇದು ವೆಂಟ್ರಿಕ್ಯುಲರ್ ಫಿಬ್ರಿಲೇಶನ್.

ಆಗ ಎದೆಗೆ ಕೊಡುವ ಶಾಕ್ ಹೃದಯವನ್ನು ಎಬ್ಬಿಸುತ್ತದೆ ಅಂತ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಇಡೀ ಹೊಲವನ್ನು ಒಟ್ಟಿಗೆ ಸುಟ್ಟುಬಿಡುತ್ತದೆ. ಎಲ್ಲ ಕಡೆ ಬೂದಿಯಾದರೆ ಸುತ್ತುವ ಉರಿಗಳಿಗೆ ಜಾಗ ಉಳಿಯುವುದಿಲ್ಲ. ಆ ಮೌನದಲ್ಲಿ ಎಸ್‌ಎ ನೋಡ್ ಮತ್ತೆ ಮೊದಲ ಕಿಡಿ ಹೊತ್ತಿಸುತ್ತದೆ. ಹೀಗಾಗಿ ಗೆರೆ ಪೂರ್ತಿ ಸಪಾಟಾದ ಹೃದಯಕ್ಕೆ ಶಾಕ್ ಕೊಟ್ಟು ಉಪಯೋಗವಿಲ್ಲ, ಸಿನಿಮಾಗಳಲ್ಲಿ ತೋರಿಸಿದರೂ ಸಹ. ಶಾಕ್ ಯಂತ್ರ ಬರುವವರೆಗೆ ಮಾಡಬೇಕಾದದ್ದು ಎದೆಯ ನಡುವೆ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರುವುದು, ಜೊತೆಗೆ 108ಕ್ಕೆ ಫೋನ್ ಮಾಡಿಸುವುದು.

ಪೊಟ್ಯಾಸಿಯಂ ಲೆಕ್ಕ ತಪ್ಪುವುದು ಹೃದಯಾಘಾತದಲ್ಲಿ ಮಾತ್ರ ಅಲ್ಲ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಒಳಗೆ ಇರಬೇಕು. ಕಿಡ್ನಿ ಸೋತವರಲ್ಲಿ ಅದು ಏರಿದರೆ ಇಸಿಜಿಯ ಟಿ ದಿಣ್ಣೆ ಚೂಪಾಗಿ ಎದ್ದು ನಿಲ್ಲುತ್ತದೆ, ಇನ್ನೂ ಏರಿದರೆ ಬಡಿತ ನಿಲ್ಲಬಹುದು. ಡಯಾಲಿಸಿಸ್ ಮಾಡಿಸುವವರಿಗೆ ಎಳನೀರು, ಬಾಳೆಹಣ್ಣು ಬೇಡ ಅಂತ ಡಾಕ್ಟರು ಬೈಯುವುದು ಇದಕ್ಕೇ. ನೋಡಲು ಬಂದವರು ಪ್ರೀತಿಯಿಂದ ಎಳನೀರು ತರುವ ಮುಂಚೆ ಒಂದು ಮಾತು ಕೇಳಿದರೆ ಒಳ್ಳೆಯದು.

ಯಂತ್ರಕ್ಕೂ ಕಲಿಸಬೇಕಾದ ತಡ

ಎಸ್‌ಎ ನೋಡ್ ಅಥವಾ ಎವಿ ನೋಡ್ ಪೂರ್ತಿ ಸೋತಾಗ ಆ ಕೆಲಸ ಮಾಡುವ ಪುಟ್ಟ ಯಂತ್ರವಾದ ಪೇಸ್‌ಮೇಕರ್ ಕೂರಿಸುತ್ತಾರೆ. ಮೊದಲನೆಯದನ್ನು 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರಿಗೆ ಹಾಕಿದರು. ಅದು ಕೆಲವೇ ಗಂಟೆ ನಡೆಯಿತು. ಆಮೇಲೆ ಬದಲಿಸುತ್ತಾ ಬದಲಿಸುತ್ತಾ 26 ಯಂತ್ರಗಳೊಂದಿಗೆ ಅವರು 2001ರವರೆಗೆ ಬದುಕಿದರು.

ಈಗ ಅದನ್ನು ಕತ್ತಿನ ಬುಡದ ಅಡ್ಡ ಮೂಳೆಯ (ಕಾಲರ್ ಬೋನ್) ಕೆಳಗೆ, ಚರ್ಮದ ಅಡಿಯಲ್ಲಿ ಕೂರಿಸುತ್ತಾರೆ. ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಎರಡು ತಂತಿಯ ಪೇಸ್‌ಮೇಕರ್‌ನಲ್ಲಿ ಒಂದು ತಂತಿ ಬಲ ಮೇಲಿನ ಕೋಣೆಗೆ, ಇನ್ನೊಂದು ಬಲ ಕೆಳಗಿನ ಕೋಣೆಗೆ ಹೋಗುತ್ತದೆ. ಮೇಲಿನ ಕೋಣೆ ಹೊತ್ತಿಕೊಂಡ ಮೇಲೆ ಯಂತ್ರ ಕೂಡಲೇ ಕೆಳಗಿನದನ್ನು ತಟ್ಟುವುದಿಲ್ಲ. ಸೆಕೆಂಡಿನ ಒಂದು ಸಣ್ಣ ಪಾಲು ಕಾಯುತ್ತದೆ. ಎಷ್ಟು ಕಾಯಬೇಕು ಅನ್ನುವುದನ್ನು ಡಾಕ್ಟರು ಕಂಪ್ಯೂಟರ್ ಹಿಡಿದು, ರೋಗಿಗೆ ಹೊಂದುವಂತೆ ಕೂರಿಸುತ್ತಾರೆ.

ಮನೆಯಲ್ಲಿ ಪೇಸ್‌ಮೇಕರ್ ಇರುವವರು ಯಾರಾದರೂ ಇದ್ದರೆ ಎದೆಯ ಮೇಲಿನ ಕಿಸೆಯಲ್ಲಿ ಮೊಬೈಲ್ ಇಡಬೇಡಿ ಅಂತ ಹೇಳಿ, ಯಂತ್ರದಿಂದ ಒಂದು ಗೇಣು ದೂರ ಇರಲಿ. ಮಾತಾಡುವಾಗ ಯಂತ್ರ ಇಲ್ಲದ ಕಡೆಯ ಕಿವಿಗೆ ಹಿಡಿಯಲಿ. ವೆಲ್ಡಿಂಗ್ ಕೆಲಸ ಇದ್ದರೆ ಮೊದಲು ಡಾಕ್ಟರನ್ನು ಕೇಳಲಿ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಪೇಸ್‌ಮೇಕರ್ ಕಾರ್ಡನ್ನು ಮೊದಲು ತೋರಿಸಲಿ. ಆ ಕಾರ್ಡು, ಹಳೆಯ ಇಸಿಜಿ ಚೀಟಿಗಳು ಒಂದೇ ಕವರಿನಲ್ಲಿ ಇರಲಿ. ಹೊಸ ಗೆರೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಡಾಕ್ಟರಿಗೆ ಬದಲಾವಣೆ ಬೇಗ ಗೊತ್ತಾಗುತ್ತದೆ.